ಮಿನ್ನು ನನ್ನ ಎದುರು ಕೂತ ದಿನ

2003ರಲ್ಲಿ ನಾನು ಓದು ಬಿಟ್ಟೆ. ಒಂಬತ್ತನೇ ತರಗತಿ ಆಗ ಅರ್ಧ ಮುಗಿದಿತ್ತು. ಯಾಕೆ ಬಿಟ್ಟೆ, ಆಮೇಲೆ ಎಲ್ಲೆಲ್ಲಿ ಕೂಲಿ ಮಾಡಿದೆ ಎಂದು ಹೇಳುತ್ತಾ ಕೂತರೆ ಅದೇ ಒಂದು ಕಥೆಯಾಗುತ್ತದೆ. ಅದು ಇಲ್ಲಿ ಬೇಡ. ನಾನು ಬರೆಯಲು ಕೂತಿರುವುದು ಒಂದು ನಾಯಿಯ ವಿಚಾರ, ಆ ನಾಯಿಯ ದೆಸೆಯಿಂದ ನನ್ನ ಕೆಲಸ ಇನ್ನೇನು ಹೋಯಿತು ಎನ್ನುವಂತಾಗಿದ್ದ ಒಂದು ವರ್ಷದ ವಿಚಾರ.

ನನ್ನ ಕೆಲಸ ಚಿರತೆಯ ಹಿಕ್ಕೆ ಹುಡುಕುವುದು. ನಗುವವರು ನಗಬಹುದು, ನಮ್ಮ ಊರಿನವರು ನಕ್ಕು ಸಾಕಾಗಿ ಬಿಟ್ಟಿದ್ದಾರೆ. ನಮ್ಮ ಮೇಡಂ ಪ್ರಾಣಿಶಾಸ್ತ್ರ ಓದಿದವರು. ಪ್ರಾಯದಲ್ಲಿ ನಾಗರಹೊಳೆಯೊಳಗೆ ಹುಲಿಯ ಹಿಂದೆ ನಡೆದು ನಡೆದು ಮಂಡಿ ಸವೆಸಿಕೊಂಡವರು. ನಾನು ಅವರ ಹತ್ತಿರ ಸೇರುವ ಹೊತ್ತಿಗೆ ಅವರ ಗಮನ ಕಾಡಿನಿಂದ ಆಚೆಗೆ ಬಂದಿತ್ತು. ಕೆ.ಆರ್. ನಗರದ ಕಬ್ಬಿನೊಳಗೆ, ಪಿರಿಯಾಪಟ್ಟಣದ ಬಂಡೆಗುಡ್ಡಗಳಲ್ಲಿ, ಹುಣಸೂರಿನ ಹೊಗೆಸೊಪ್ಪಿನ ಹೊಲಗಳ ಅಂಚಿನಲ್ಲಿ ಚಿರತೆ ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಎಲ್ಲಿ ನೆಲೆ ನಿಂತಿದೆ, ಎಲ್ಲಿ ಬರೀ ಹಾದುಹೋಗುತ್ತದೆ, ಏನು ತಿನ್ನುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಕಂಡಲ್ಲೆಲ್ಲ ಬೋನು ಇಟ್ಟು ಹಿಡಿದು ಎಲ್ಲೋ ಬಿಟ್ಟು ಬರುವುದರಿಂದ ಊರಿಗೂ ನೆಮ್ಮದಿಯಿಲ್ಲ, ಚಿರತೆಗೂ ಉಳಿಗಾಲವಿಲ್ಲ ಎಂಬುದು ಮೇಡಂ ವಾದ. ಅದನ್ನು ತೋರಿಸಲು ಹಿಕ್ಕೆ ಬೇಕು. ಅದರಲ್ಲಿರುವ ಕೂದಲು, ಮೂಳೆ ನೋಡಿದರೆ ತಿಂದದ್ದು ತಿಳಿಯುತ್ತದೆ. ಲ್ಯಾಬಿಗೆ ಕಳಿಸಿದರೆ ಯಾವ ಚಿರತೆ ಎನ್ನುವುದೂ ತಿಳಿಯುತ್ತದೆ.

ಬೆಳಕು ಹರಿಯುವಾಗ ಹೊರಟು, ಗುಡ್ಡದ ದನದ ದಾರಿ, ಕಬ್ಬಿನ ಗದ್ದೆಯ ಬದು, ಕೆರೆ ಏರಿ, ಇವುಗಳ ಮೇಲೆ ಕಣ್ಣಿಟ್ಟು ನಡೆಯಬೇಕು. ಸಿಕ್ಕಿದರೆ ಜಿಪಿಎಸ್‌ನಲ್ಲಿ ಜಾಗ ಗುರುತು ಹಾಕಿ, ಕೈಗವಸು ಹಾಕಿಕೊಂಡು, ಎಲ್ಲವನ್ನೂ ಎತ್ತದೆ ಅರ್ಧ ಅಲ್ಲೇ ಬಿಟ್ಟು, ಉಳಿದದ್ದನ್ನು ಕಾಗದದ ಕವರಿಗೆ ಹಾಕಿ ಮೇಲೆ ನಂಬರ್ ಬರೆಯಬೇಕು. ಅರ್ಧ ಬಿಡುವುದು ಯಾಕೆಂದರೆ ಅದು ಚಿರತೆಗಳ ನಡುವಿನ ಮಾತುಕತೆ, ಅದನ್ನು ಅಳಿಸುವ ಹಕ್ಕು ನಮಗಿಲ್ಲ ಎಂದು ಮೇಡಂ ಹೇಳಿಕೊಟ್ಟಿದ್ದರು. ಮೂರು ತಾಲ್ಲೂಕಿನಲ್ಲಿ ಈ ಕೆಲಸವನ್ನು ನನ್ನಷ್ಟು ಚೆನ್ನಾಗಿ ಮಾಡುವವನು ಇನ್ನೊಬ್ಬನಿಲ್ಲ ಎಂದು ನಾನು ಅಂದುಕೊಂಡಿದ್ದೆ. ಈಗಲೂ ಎರಡು ಕಾಲಿನವರಲ್ಲಿ ಇಲ್ಲ ಎಂದೇ ಅಂದುಕೊಂಡಿದ್ದೇನೆ.

ಆ ವರ್ಷ ಲ್ಯಾಬಿನಿಂದ ಬಂದ ಫಲಿತಾಂಶ ನೋಡಿ ಮೇಡಂ ನನ್ನನ್ನು ಕರೆದರು. ವೀರನಹೊಸಹಳ್ಳಿ ರಸ್ತೆಯಲ್ಲಿ ಒಂದು ಬಾಡಿಗೆ ಮನೆ ನಮ್ಮ ಕ್ಯಾಂಪು. ಹಿಂದಿನ ಜಗಲಿಯಲ್ಲಿ ಕೂತು, ಮುಖ ನೋಡದೆ ಹೇಳಿದರು: ನೀವು ಚಿರತೆಯದೆಂದು ಕಳಿಸಿದ್ದರಲ್ಲಿ ಬಹಳಷ್ಟು ಊರ ನಾಯಿಗಳದ್ದು. ಮಳೆಯಲ್ಲಿ ತೊಯ್ದು ಒಣಗಿದ ಮೇಲೆ, ಅದೂ ಮೂಳೆ ತಿಂದ ನಾಯಿಯದಾದರೆ, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ, ಪ್ರಪಂಚದಲ್ಲೆಲ್ಲ ಈ ತೊಂದರೆ ಇದ್ದದ್ದೇ ಎಂದು ಸಮಾಧಾನವನ್ನೂ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ. ಮೈಮೇಲೆ ಬಿಸಿನೀರು ಹೊಯ್ದ ಹಾಗಾಯಿತು. ಆಮೇಲೆ ಅವರು ಹೇಳಿದ್ದು ಅದಕ್ಕಿಂತ ಬಿಸಿ: ವಾಸನೆಯಿಂದ ಹುಡುಕುವ ಒಂದು ನಾಯಿ ತರಿಸುತ್ತಿದ್ದೇನೆ. ಅದನ್ನು ಪಳಗಿಸಿ, ಒಂದೇ ಗುಡ್ಡವನ್ನು ಮೊದಲು ನೀವು, ಆಮೇಲೆ ನಾಯಿ, ಹೀಗೆ ಎರಡು ಸಲ ಹುಡುಕಿಸಿ ಹೋಲಿಸಿ ನೋಡೋಣ. ಮುಂದಿನ ವರ್ಷಕ್ಕೆ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ.

ಅಂದರೆ ನಾಯಿಯದ್ದನ್ನು ಚಿರತೆಯದೆಂದು ಎತ್ತಿ ತಂದವನ ಜಾಗಕ್ಕೆ ಒಂದು ನಾಯಿಯೇ ಬರುವುದು.

ಅದು ಬಂದದ್ದು ಆಷಾಢದ ಗಾಳಿಯಲ್ಲಿ. ಜಾತಿನಾಯಿ, ಪೊಲೀಸರ ನಾಯಿಯ ಹಾಗೆ ಎತ್ತರದ್ದು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಕಂದು ಬಣ್ಣದ, ಒಂದು ಕಿವಿ ಮಡಚಿದ, ಮೈಸೂರಿನ ಯಾವುದೋ ಬೀದಿಯಲ್ಲಿ ಸಿಕ್ಕಿದ ಹೆಣ್ಣುನಾಯಿ. ಜಾತಿನಾಯಿಯಾಗಿದ್ದರೆ ಹೇಗೋ ಸಹಿಸುತ್ತಿದ್ದೆ. ಜೊತೆಗೆ ವಯನಾಡಿನ ಕಡೆಯ ಒಬ್ಬ ಟ್ರೈನರ್, ಎಚ್.ಡಿ. ಕೋಟೆಯಲ್ಲಿ ಓಡಾಡಿ ಕನ್ನಡ ಕಲಿತವನು. ಅವನೇ ಅದಕ್ಕೆ ಮಿನ್ನು ಎಂದು ಹೆಸರಿಟ್ಟಿದ್ದ. ಒಂದು ರಬ್ಬರ್ ಚೆಂಡಿಗಾಗಿ ಪ್ರಾಣ ಬಿಡುವಂಥ ನಾಯಿಯೇ ಈ ಕೆಲಸಕ್ಕೆ ಬೇಕು, ಜಾತಿ ಮುಖ್ಯ ಅಲ್ಲ ಎಂದ.

ಮೊದಲ ದಿನವೇ ಜೀಪಿನ ಮುಂದಿನ ಸೀಟು ಹೋಯಿತು. ಆ ಸೀಟಿನಲ್ಲಿ ನಾನು ಮೇಡಂ ಪಕ್ಕ ಕೂತು ದಾರಿ ಹೇಳುತ್ತಿದ್ದೆ. ಈಗ ಮೇಡಂ ಮುಂದೆ, ಅವರ ಕಾಲ ಹತ್ತಿರ ಮಿನ್ನು, ಹಿಂದೆ ಸ್ಟೆಪ್ನಿ ಟೈರಿನ ಪಕ್ಕ ನಾನು. ಅದಕ್ಕೆ ಬೇಯಿಸಿದ ಮೊಟ್ಟೆ, ಮೊಸರನ್ನ, ಹತ್ತಿಯ ಹಾಸಿಗೆ. ಬಿಸಿಲು ಏರಿದರೆ ಅದಕ್ಕೆ ವಿಶ್ರಾಂತಿ. ನಾನು ಎಷ್ಟೋ ಮಧ್ಯಾಹ್ನ ಆ ಗುಡ್ಡಗಳ ಮೇಲೆ ಬೆಂದಿದ್ದೇನೆ, ವಿಶ್ರಾಂತಿ ತಗೊಳ್ಳಿ ಎಂದು ಯಾರೂ ಹೇಳಿದ್ದು ನೆನಪಿಲ್ಲ. ಮೇಡಂ ಜೀಪಿನಲ್ಲಿ ಕೂತಷ್ಟು ಹೊತ್ತೂ ಅದರ ಮಡಚಿದ ಕಿವಿಯನ್ನು ಬೆರಳಲ್ಲಿ ನೇವರಿಸುತ್ತಿರುತ್ತಿದ್ದರು. ನಾನು ಹಿಂದಿನಿಂದ ಆ ಬೆರಳನ್ನೇ ನೋಡುತ್ತಿದ್ದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಾ ಕೇಳಿಸಿಕೊಂಡಳು.

“ಹೆಂಗಸ್ರು ಹೆಂಗಸ್ರ ಮೇಲೆ ಹೊಟ್ಟೆಕಿಚ್ಚು ಪಡೋದ ನೋಡಿವ್ನಿ, ಗಂಡಸ್ರು ಗಂಡಸ್ರ ಮೇಲೆ ಪಡೋದ ನೋಡಿವ್ನಿ. ನಾಯಿ ಮೇಲೆ ಪಡೋನ್ನ ನಿನ್ನೇ ನೋಡಿದ್ದು ಕಣಪ್ಪ,” ಎಂದಳು.

“ನಾಯಿ ಮೇಲಲ್ಲ ಕಣೆ, ಸೀಟಿನ ಮೇಲೆ,” ಎಂದೆ.

“ಮೊಟ್ಟೆ ಮೇಲೂವೆ,” ಎಂದಳು.

ಪಳಗಿಸುವ ಕ್ರಮ ಹೀಗಿತ್ತು. ಮುಚ್ಚಳಕ್ಕೆ ತೂತು ಹೊಡೆದ ಡಬ್ಬಗಳನ್ನು ಸಾಲಾಗಿ ಇಡುವುದು. ಒಂದರಲ್ಲಿ ಚಿರತೆಯ ಹಿಕ್ಕೆ, ಉಳಿದವುಗಳಲ್ಲಿ ನಾಯಿಯದು, ನರಿಯದು, ಬರೀ ಮಣ್ಣು, ಒಣ ಎಲೆ. ಮಿನ್ನು ಸಾಲಿನ ಉದ್ದಕ್ಕೂ ಮೂಸುತ್ತಾ ಬಂದು ಸರಿಯಾದ ಡಬ್ಬದ ಮುಂದೆ ಕೂತರೆ ಟ್ರೈನರ್ ಹೋ ಎಂದು ಕೂಗಿ ಚೆಂಡು ಎಸೆಯುತ್ತಾನೆ. ತಪ್ಪಾದರೆ ಬೈಗುಳವಿಲ್ಲ, ಸುಮ್ಮನೆ ಮುಂದಕ್ಕೆ. ಡಬ್ಬಕ್ಕೆ ಹಾಕಿದ ಚಿರತೆಯ ಹಿಕ್ಕೆಗಳೆಲ್ಲ ನಾನು ಹಿಂದಿನ ಎರಡು ವರ್ಷ ಕೂಡಿಟ್ಟವು, ಲ್ಯಾಬು ಚಿರತೆಯದೇ ಎಂದು ಒಪ್ಪಿದವು. ನನ್ನ ಬೆವರಿನಿಂದಲೇ ಅದು ಕಲಿಯುತ್ತಿದೆ ಎಂದು ಒಳಗೇ ಉರಿಯುತ್ತಿತ್ತು. ಬೇಗ ಕಲಿಯಿತು. ಟ್ರೈನರ್ ಡಬ್ಬಗಳನ್ನು ಎಷ್ಟು ಅದಲುಬದಲು ಮಾಡಿದರೂ ಅದು ಮೂಗು ತಪ್ಪಿಸಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದರು.

ಬಯಲಿನಲ್ಲಿ ಮೊದಲು ಕೆಲಸ ಮಾಡಿಸಿದ್ದು ಕೆ.ಆರ್. ನಗರದ ಕಡೆಯ ಒಂದು ಗುಡ್ಡದಲ್ಲಿ. ಸುತ್ತ ಕಬ್ಬು, ಕೆಳಗೆ ನಾಲೆ. ನಾನು ಹಿಂದಿನ ದಿನವೇ ಅಲ್ಲಿ ಹುಡುಕಿ ಮುಗಿಸಿದ್ದೆ. ಮಿನ್ನು ಹಗ್ಗ ಎಳೆದುಕೊಂಡು ಸರಸರನೆ ಹತ್ತಿತು, ಒಂದು ಚಪ್ಪಟೆ ಬಂಡೆಯ ಮುಂದೆ ಕೂತು ಟ್ರೈನರನ ಮುಖ ನೋಡಿತು. ಬಂಡೆಯ ಮೇಲೆ ಏನೂ ಇಲ್ಲ. ಸಂದಿಯಲ್ಲಿ ಕಡ್ಡಿ ಹಾಕಿ ಕೆದಕಿದರು, ಇಲ್ಲ. ಮುಂದೆ ಹೋಗಿ ಒಂದು ಹುಣಸೆ ಮರದ ಬೇರಿನ ಹತ್ತಿರ ಕೂತಿತು. ಅಲ್ಲೂ ಇಲ್ಲ. ಆಮೇಲೆ ಜೀಪಿನ ಹತ್ತಿರ ನನ್ನ ಬುತ್ತಿಚೀಲದ ಮುಂದೆ ಕೂತಿತು. ಬುತ್ತಿಯಲ್ಲಿ ಹುರುಳಿಕಾಳಿನ ಸಾರಿತ್ತು, ಮುದ್ದೆಯಿತ್ತು.

ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮುಂದಿನ ಗುಡ್ಡದಲ್ಲೂ ಅದೇ ಆಯಿತು. ಬೀದಿನಾಯಿ ಬೀದಿನಾಯಿಯೇ, ಡಬ್ಬದ ಮುಂದಿನ ಆಟ ಬೇರೆ, ಬಯಲು ಬೇರೆ ಎಂದು ನಮ್ಮ ಡ್ರೈವರಿಗೆ ಹೇಳಿಕೊಂಡು ತಿರುಗಿದೆ. ಡ್ರೈವರ್ ಹುಣಸೂರು ಪೇಟೆಯವನು, ನನ್ನ ವಯಸ್ಸಿನವನೇ, ಬಾಯಿ ಜೋರು. ಮೇಡಂ ಮಾತ್ರ ದಿನದಿನಕ್ಕೆ ಮಂಕಾದರು. ರಾತ್ರಿ ಊಟಕ್ಕೆ ಕೂತಾಗಲೂ ಟ್ರೈನರ್ ಜೊತೆ ಅದೇ ಮಾತು: ಎಲ್ಲಿ ತಪ್ಪಿತು, ಯಾವ ಹಂತದಲ್ಲಿ ತಪ್ಪಿತು.

ಆಮೇಲೆ ನನ್ನ ಸಂತೋಷಕ್ಕೂ ಕಲ್ಲು ಬಿತ್ತು. ಕಬ್ಬು ಕಡಿಯುವ ಒಂದು ಗದ್ದೆಗೆ ಹೋಗಿದ್ದೆವು. ಗದ್ದೆಯ ಯಜಮಾನರು, ಕಡಿಯುವ ಆಳುಗಳು, ದಾರಿಹೋಕರು, ಎಲ್ಲರೂ ನಾಯಿಯ ಕೆಲಸ ನೋಡಲು ಬದುವಿನ ಮೇಲೆ ನಿಂತಿದ್ದರು. ನಾನೂ ಅವರ ನಡುವೆ, ಕೈಕಟ್ಟಿ, ಇದರ ಬಂಡವಾಳ ಈಗ ನೋಡಿ ಎನ್ನುವ ಹಾಗೆ ನಿಂತಿದ್ದೆ. ಮಿನ್ನು ಕಬ್ಬಿನ ಸಾಲಿನಿಂದ ಹೊರಗೆ ಬಂತು, ಗಾಳಿಗೆ ಮೂಗೆತ್ತಿತು, ನೆಟ್ಟಗೆ ಜನರ ಕಡೆ ಬಂತು. ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು ನನ್ನ ಎದುರು ಕೂತಿತು. ಕೂತು, ಚೆಂಡು ಕೊಡಿ ಎಂದು ಟ್ರೈನರನ ಕಡೆ ತಿರುಗಿ ನೋಡಿತು.

ಯಜಮಾನರು ಹೆಗಲ ಟವೆಲು ಕೊಡವುತ್ತಾ ಹೇಳಿದರು: “ಸಿಕ್ತಲ್ಲವ್ವಾ ಚಿರತೆ. ಇನ್ನೇನು, ಬೋನಿಗಾಕ್ಕಂಡು ಓಗಿ.”

ಡ್ರೈವರ್ ಜೀಪಿಗೆ ಒರಗಿಕೊಂಡು ನಕ್ಕ. “ಅದ್ಕೇ ಕಣ್ಲಾ ನಿಂಗೆ ಚಿರ್ತೆ ಸಿಗ್ತಿರ್ನಿಲ್ಲ. ನೀನ್ ನಿನ್ನೇ ಉಡುಕ್ತಿದ್ದೆ,” ಎಂದ. ಆಳುಗಳು ಕುಡುಗೋಲು ಕೆಳಗಿಟ್ಟು ನಕ್ಕರು. ಮೇಡಂ ನಗಲಿಲ್ಲ, ಆದರೆ ಬಾಯಿಗೆ ಕೈ ಅಡ್ಡ ಹಿಡಿದದ್ದನ್ನು ನಾನು ಕಂಡೆ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ರಸ್ತೆಗೆ ನಡೆದೆ, ಸಿಕ್ಕಿದ ಬಸ್ಸು ಹತ್ತಿದೆ. ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ, ಅದರ ಮಾರನೆಯ ದಿನವೂ ಹೋಗಲಿಲ್ಲ.

ನಮ್ಮ ಊರು ಹುಣಸೂರು ತಾಲ್ಲೂಕು, ಹೊಗೆಸೊಪ್ಪಿನ ಊರು. ಅದು ಸೊಪ್ಪು ಮುರಿಯುವ ಕಾಲ. ಮುರಿದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಕಾವು ಹಾಯಿಸುವ ಎತ್ತರದ ಮನೆಯಲ್ಲಿ, ನೇತುಹಾಕಿ ಬೇಯಿಸಬೇಕು. ಎಲೆಯ ಅಂಟು ಕೈಗೆ ಕಪ್ಪಾಗಿ ಮೆತ್ತಿಕೊಂಡು ವಾರಗಟ್ಟಲೆ ಹೋಗುವುದಿಲ್ಲ. ನಾನು ಹೆಂಡತಿಯ ಜೊತೆ ಬ್ಯಾರನ್ ಮುಂದೆ ಕೂತು ಕಡ್ಡಿ ಕಟ್ಟುತ್ತಿದ್ದೆ. ಇನ್ನು ಇದೇ ನನ್ನ ಕೆಲಸ ಎಂದುಕೊಂಡಿದ್ದೆ. ಆ ಹೊತ್ತಿಗೆ ಜೀಪು ಬಂತು. ಮೇಡಂ ಇಳಿದರು, ಟ್ರೈನರ್ ಇಳಿದ, ಹಗ್ಗದ ಕೊನೆಯಲ್ಲಿ ಮಿನ್ನು ಇಳಿಯಿತು.

ಇಳಿದದ್ದೇ ಅದಕ್ಕೆ ಹುಚ್ಚು ಹಿಡಿದಂತಾಯಿತು. ಪಕ್ಕದ ಮನೆಯ ಬ್ಯಾರನ್ ಬಾಗಿಲಿಗೆ ಹೋಗಿ ಕೂತಿತು. ಎದ್ದು ಎದುರು ಮನೆಯ ಸೊಪ್ಪಿನ ಗಾಡಿಯ ಮುಂದೆ ಕೂತಿತು. ನಮ್ಮ ಸೊಪ್ಪಿನ ಕೋಣೆಯ ಹೊಸಿಲಿನ ಮುಂದೆ ಕೂತಿತು. ನನ್ನ ಹೆಂಡತಿಯ ಮುಂದೆ ಕೂತಿತು. ಪ್ರತಿ ಸಲವೂ ಚೆಂಡಿಗಾಗಿ ತಿರುಗಿ ನೋಡಿತು. ಊರು ತುಂಬ ಚಿರತೆ ಎನ್ನುತ್ತಿತ್ತು.

ಟ್ರೈನರ್ ಸೊಪ್ಪಿನ ಕೋಣೆಯೊಳಗೆ ಇಣುಕಿ, ಬೇಯಿಸಿಟ್ಟ ಸೊಪ್ಪಿನ ಹೊರೆಯ ಮೇಲೆ ಹಲಗೆ ಕಂಡು, “ಇಲ್ಲಿ ಏನು ಇಡ್ತಿದ್ರಿ ಚೇಟ್ಟಾ?” ಎಂದು ಕೇಳಿದ. ಚೇಟ್ಟಾ ಎಂದರೆ ಅವರ ಭಾಷೆಯಲ್ಲಿ ಅಣ್ಣ.

ಆ ಹಲಗೆಯ ಮೇಲೆ ನಾನು ಇಡುತ್ತಿದ್ದದ್ದು ಹಿಕ್ಕೆಯ ಕವರುಗಳನ್ನು. ಮಳೆಗಾಲದಲ್ಲಿ ಕ್ಯಾಂಪಿನ ಮನೆಯಲ್ಲಿ ಎಲ್ಲಿಟ್ಟರೂ ಬೂಷ್ಟು ಹಿಡಿಯುತ್ತಿತ್ತು. ನಮ್ಮ ಮನೆಗಳಲ್ಲಿ ಮಳೆಗಾಲದಲ್ಲೂ ತೇವ ತಾಗದ ಜಾಗ ಒಂದೇ, ಸೊಪ್ಪಿನ ಕೋಣೆ. ಮನುಷ್ಯರು ನೆನೆದರೂ ಸೊಪ್ಪು ನೆನೆಯಬಾರದು. ಎರಡು ವರ್ಷ ಅಷ್ಟೂ ಕವರು ಅಲ್ಲೇ ಒಣಗಿದ್ದವು. ಮೇಡಂ ಒಂದು ಸಲ ಬಂದು ನೋಡಿ, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದು ಹೊಗಳಿಯೂ ಹೋಗಿದ್ದರು. ಹೀಗಾಗಿ ಡಬ್ಬದೊಳಗಿನ ಚಿರತೆಯ ಹಿಕ್ಕೆಗೆಲ್ಲ ಬೆಂದ ಸೊಪ್ಪಿನ ವಾಸನೆ ಹತ್ತಿತ್ತು, ಟ್ರೈನರ್ ಹೊಸದಾಗಿ ಎತ್ತಿ ತಂದ ನಾಯಿ ನರಿಗಳದ್ದಕ್ಕೆ ಇರಲಿಲ್ಲ. ಮಿನ್ನು ಕಲಿತದ್ದು ಚಿರತೆಯನ್ನಲ್ಲ, ಹೊಗೆಸೊಪ್ಪನ್ನು. ಕೆ.ಆರ್. ನಗರದ ಆ ನಾಲೆ ಬಯಲಿನಲ್ಲಿ ಸೊಪ್ಪು ಬೆಳೆಯುವುದಿಲ್ಲ. ಆ ಗುಡ್ಡಗಳಲ್ಲಿ ಆ ವಾಸನೆ ಹೊತ್ತು ತಿರುಗುತ್ತಿದ್ದವನು ನಾನೊಬ್ಬನೇ. ಹಿಂದಿನ ದಿನ ಚಪ್ಪಟೆ ಬಂಡೆಯ ಮೇಲೆ ನಾನು ಕೂತಿದ್ದೆ. ಹುಣಸೆ ಬೇರಿಗೆ ಒರಗಿದ್ದೆ.

ಮೇಡಂ ಅಲ್ಲೇ ಇದ್ದ ಮೊರದ ಪಕ್ಕ ನೆಲದ ಮೇಲೆ ಕೂತರು. ತಪ್ಪು ನನ್ನದು, ಮಾದರಿಗಳನ್ನು ಎಲ್ಲಿಡಬೇಕೆಂದು ಯೋಚಿಸಬೇಕಾದವಳು ನಾನು ಎಂದರು. ಹೆಂಡತಿ ಕಾಫಿ ತಂದಿಟ್ಟು, “ಇದ್ನ ತಂಬಾಕು ಬೋರ್ಡಿನೋರ್ಗೆ ಕೊಟ್ಬುಡಿ ಮೇಡಮ್ಮ. ಲೈಸೆನ್ಸ್ ಇಲ್ದೆ ಬ್ಯಾರನ್ ಮಾಡ್ಕಂಡಿರೋರ್ನೆಲ್ಲ ಇಡ್ಕೊಡ್ತದೆ,” ಎಂದಳು. ಆಗ ಮೇಡಂ ನಕ್ಕರು, ಟ್ರೈನರನೂ ನಕ್ಕ. ನಾನು ನಗಲಿಲ್ಲ. ನನಗೆ ಎರಡು ವಿಷಯ ತಿಳಿದಿತ್ತು: ನಾನು ಚಿರತೆಯಂತೆ ನಾರುತ್ತಿಲ್ಲ ಎಂಬುದು ಒಂದು, ನಾಯಿ ಮೋಸದ್ದಲ್ಲ ಎಂಬುದು ಇನ್ನೊಂದು. ಎರಡನೆಯದು ತಿಳಿಯದಿದ್ದರೇ ಚೆನ್ನಾಗಿತ್ತು.

ಎಲ್ಲ ಮೊದಲಿನಿಂದ ಶುರುವಾಯಿತು. ಹಳೆಯ ಮಾದರಿಗಳನ್ನು ಬಿಟ್ಟು ಹೊಸದಾಗಿ ಕೂಡಿಸಬೇಕು, ಅದನ್ನು ಸೊಪ್ಪು ಮುಟ್ಟದವರು ಕೂಡಿಸಬೇಕು. ಅಂದರೆ ಡ್ರೈವರ್. ಗಾಳಿ ಅವನ ಕಡೆಯಿಂದ ನನ್ನ ಕಡೆಗೆ ಬೀಸುವ ಹಾಗೆ ನನ್ನನ್ನು ದೂರದಲ್ಲಿ ನಿಲ್ಲಿಸಿದರು. ನಾನು ಅಲ್ಲಿಂದ ಕೂಗಿ ಹೇಳಬೇಕು, ಅವನು ಎತ್ತಬೇಕು.

“ಎಡಕ್ಕೆ ಓಗ್ಲಾ. ಆ ಕಲ್ಲಿನ ಮಗ್ಗಲಿಗೆ. ಕೈಲಿ ಮುಟ್ಬ್ಯಾಡ, ಗವಸಾಕ್ಕ.”

“ಇದು ಚಿರ್ತೇದೋ ನಾಯೀದೋ?”

“ಕೂದ್ಲು ಐತಾ ನೋಡು.”

“ಐತೆ. ನಂಗಿಂತ ಜಾಸ್ತಿ ಐತೆ.”

ಹೀಗೆ ನಡೆಯಿತು. ಸಂಜೆ ಮೇಡಂ ಅವನ ಕವರುಗಳನ್ನು ನೋಡಿ, ಎಷ್ಟು ಅಚ್ಚುಕಟ್ಟಾಗಿ ನಂಬರ್ ಬರೆದಿದ್ದೀರಿ ಎಂದರು. ನಾನು ವರ್ಷಗಟ್ಟಲೆ ಬರೆದ ನಂಬರಿಗೆ ಆ ಮಾತು ಬಂದಿರಲಿಲ್ಲ. ಅವನು ಮೀಸೆ ತಿರುವಿದ.

ಕಾಯಲು ಪುರುಸೊತ್ತಿರಲಿಲ್ಲ, ಮಳೆ ನಿಲ್ಲುವುದರೊಳಗೆ ನಾಯಿ ಹೊಸ ಪಾಠ ಕಲಿಯಬೇಕಿತ್ತು. ಲ್ಯಾಬು ಒಪ್ಪಿದ ಹೊಸ ಮಾದರಿ ಒಂದು ಡಬ್ಬಕ್ಕೆ, ಬೆಂದ ಸೊಪ್ಪು ಇನ್ನೊಂದು ಡಬ್ಬಕ್ಕೆ. ಸೊಪ್ಪಿನ ಮುಂದೆ ಕೂತರೆ ಚೆಂಡಿಲ್ಲ. ಕೊನೆಕೊನೆಗೆ ಟ್ರೈನರ್ ನನ್ನನ್ನೇ ಡಬ್ಬಗಳ ಸಾಲಿನಲ್ಲಿ ಕೂರಿಸಿದ, ಕೈಯ ಅಂಟು ತೊಳೆಯದೆ ಹಾಗೇ ಬನ್ನಿ ಎಂದು ಹೇಳಿ. ಎರಡು ಡಬ್ಬದ ನಡುವೆ ಚಕ್ಕಂಬಕ್ಕಲ ಹಾಕಿಕೊಂಡು ಕೂತೆ. ಮೊದಮೊದಲು ಮಿನ್ನು ಬಂದು ನನ್ನ ಎದುರು ಕೂತಿತು, ಕಾಯಿತು, ಏನೂ ಸಿಗದೆ ಎದ್ದು ಹೋಯಿತು. ಆಮೇಲೆ ಕೂರಲು ಅನುಮಾನಿಸಿತು. ಒಂದು ಬೆಳಗ್ಗೆ ನನ್ನ ಮುಂದೆ ಬಂದು, ನನ್ನ ಬೆರಳನ್ನು ಮೂಸಿ, ಮಣ್ಣಿನ ಡಬ್ಬವನ್ನು ದಾಟುವ ಹಾಗೆಯೇ ದಾಟಿ, ಆಚೆಯ ಡಬ್ಬದ ಮುಂದೆ ಕೂತಿತು. ಟ್ರೈನರ್ ಹೋ ಎಂದು ಕೂಗಿದ. ಮೇಡಂ ಕುಣಿದರು. ನಾಯಿಗೆ ಬುದ್ಧಿ ಬಂತಲ್ಲ ಎಂದು ನಾನೂ ಸಂತೋಷಪಡಬೇಕಿತ್ತು. ಆದರೆ ಇಷ್ಟು ದಿನ ನನ್ನನ್ನು ಕಂಡರೆ ಕೂರುತ್ತಿದ್ದುದು ಈಗ ನನ್ನನ್ನು ಬರೀ ಮಣ್ಣಿನ ಲೆಕ್ಕಕ್ಕೆ ಇಟ್ಟಿತಲ್ಲ ಎಂದುಕೊಂಡು ಎದ್ದು ಕೈ ತೊಳೆಯಲು ಬಚ್ಚಲಿಗೆ ಹೋದೆ.

ದಸರೆಯ ನಂತರ ಹೋಲಿಕೆಯ ಕೆಲಸ ನಡೆಯಿತು. ನಾನು ಮೊದಲು ಹೋಗಿ ಹುಡುಕಿ, ಸಿಕ್ಕಿದ್ದನ್ನು ಎತ್ತದೆ ಜಾಗ ಮಾತ್ರ ಗುರುತು ಹಾಕಿ ಬರುವುದು. ಒಂದೆರಡು ದಿನ ಬಿಟ್ಟು ಅದೇ ಗುಡ್ಡಕ್ಕೆ ಮಿನ್ನು. ನಾನು ಹಾಗೆ ಹುಡುಕಿದ್ದು ನನ್ನ ಜೀವನದಲ್ಲೇ ಇಲ್ಲ. ಲಂಟಾನದ ಮುಳ್ಳು ತೋಳು ಗೀರಿ ಅಂಗಿ ಹರಿದರೂ ಬಿಡದೆ ಒಳಗೆ ನುಗ್ಗಿದೆ. ಆದರೂ ನಾನು ಕಂಡದ್ದನ್ನೆಲ್ಲ ಅದು ಕಂಡಿತು, ನಾನು ಕಾಣದ್ದನ್ನೂ ಕಂಡಿತು. ತರಗಿನ ಅಡಿಯಲ್ಲಿ ಪುಡಿಯಾಗಿ ಹೋಗಿದ್ದದ್ದು, ಬಂಡೆಯ ಮೇಲ್ಸಂದಿಯಲ್ಲಿ ಇದ್ದದ್ದು, ಕಬ್ಬಿನ ರವದಿಯೊಳಗೆ, ಅಂದರೆ ಉದುರಿದ ಒಣಗರಿಯೊಳಗೆ, ಮುಚ್ಚಿಹೋದದ್ದು. ಪಿರಿಯಾಪಟ್ಟಣದ ಹತ್ತಿರ ಒಂದು ಗುಡ್ಡವಿದೆ. ಅಲ್ಲಿ ಚಿರತೆ ಬರೀ ಹಾದುಹೋಗುತ್ತದೆ, ನೆಲೆಯಿಲ್ಲ ಎಂದು ನಾನೇ ಮೇಡಂಗೆ ಹೇಳಿದ್ದೆ. ಮಿನ್ನು ಅದರ ನೆತ್ತಿಯಲ್ಲಿ ಹಳೆಯದು, ಹೊಸದು, ದೊಡ್ಡದು, ಮರಿಗಳದು ಎಲ್ಲ ತೋರಿಸಿತು. ನಾನು ನೆಲ ನೋಡಿಕೊಂಡು ಕೆಳಗಿನ ದಾರಿಯಲ್ಲೇ ಓಡಾಡಿದ್ದೆ, ಅಷ್ಟು ವರ್ಷ.

ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. ಮುಂದಿನ ವರ್ಷದಿಂದ ಕೆಲಸ ನಾಯಿಯದೇ ಎಂದರು. ಟ್ರೈನರನ ಅವಧಿ ಶಿವರಾತ್ರಿಗೆ ಮುಗಿಯುತ್ತದೆ, ಅವನು ಊರಿಗೆ ಹೋಗುತ್ತಾನೆ. ಅಷ್ಟರೊಳಗೆ ಹಗ್ಗ ಹಿಡಿಯುವವರೊಬ್ಬರು ತಯಾರಾಗಬೇಕು. ಡ್ರೈವರ್ ಮನಸ್ಸು ಮಾಡಿದ್ದಾರೆ, ನಿಮಗೇನಾದರೂ ಮನಸ್ಸಿದ್ದರೆ ಹೇಳಿ ಎಂದರು. ಚಿರತೆ ಹುಡುಕುವವನು ನಾಯಿ ಹಿಡಿಯುವವನಾಗುವುದೇ? ಬೇಡ ಎಂದು ಹೇಳಲು ಬಾಯಿ ತೆರೆದೆ. ಜಗಲಿಯ ಆಚೆ ಡ್ರೈವರ್ ಆಗಲೇ ಹಗ್ಗ ಕೈಗೆ ಸುತ್ತಿಕೊಂಡು ಮಿನ್ನುವನ್ನು ಅಂಗಳದಲ್ಲಿ ನಡೆಸುತ್ತಿದ್ದ. ಅದು ಅವನ ಸೊಂಟದ ಎತ್ತರಕ್ಕೆ ಹಾರುತ್ತಿತ್ತು.

“ಅವ್ನಿಗ್ ಬ್ಯಾಡ ಮೇಡಂ. ನಾನೇ ಇಡೀತೀನಿ,” ಎಂದೆ.

ಯಾಕೆ ಎಂದು ಅವರು ಕೇಳುವ ಮೊದಲೇ ಅಂಗಳಕ್ಕೆ ಇಳಿದು ಅವನ ಕೈಯಿಂದ ಹಗ್ಗ ಬಿಡಿಸಿಕೊಂಡೆ.

ಹಗ್ಗ ಹಿಡಿಯುವುದನ್ನು ಬೇಗ ಕಲಿತೆ. ಗಾಳಿಗೆ ಅಡ್ಡಲಾಗಿ ನಡೆಸುವುದು, ಬಾಯಾರಿಕೆ ಗುರುತಿಸುವುದು, ಊರ ನಾಯಿಗಳು ಮೇಲೆ ಬಿದ್ದರೆ ನಡುವೆ ನಿಲ್ಲುವುದು, ಚಿರತೆಗೆ ನಾಯಿ ಅಂದರೆ ಊಟ ಎಂಬುದನ್ನು ಮರೆಯದೆ ಪೊದೆಗೆ ಒಂಟಿಯಾಗಿ ಬಿಡದಿರುವುದು, ಎಲ್ಲ ಬಂತು. ಬಾರದೆ ಹೋದದ್ದು ಒಂದೇ. ಅದು ಹುಡುಕಿ ಕೂತಾಗ ನಾನು ಖುಷಿಯಿಂದ ಕೂಗಿ ಚೆಂಡು ಎಸೆಯಬೇಕಿತ್ತು. ಕೂಗಿದೆ. ಎಸೆದೆ. ಮೊದಲ ಗುಡ್ಡದಲ್ಲಿ ಅದು ಚೆಂಡು ತಂದು ಕೊಟ್ಟಿತು. ಎರಡನೆಯ ಗುಡ್ಡದಲ್ಲಿ ಚೆಂಡನ್ನು ಅಲ್ಲೇ ಬಿಟ್ಟಿತು. ಮೂರನೆಯದರಲ್ಲಿ ಹೊಂಗೆ ಮರದ ನೆರಳಿಗೆ ಹೋಗಿ ಮಲಗಿಬಿಟ್ಟಿತು. ಎಳೆದರೂ ಏಳಲಿಲ್ಲ.

ಟ್ರೈನರ್ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತ. “ಚೇಟ್ಟಾ, ನಿಮ್ಮ ಖುಷಿ ಸುಳ್ಳು. ಅದಕ್ಕೆ ಗೊತ್ತಾಗ್ತದೆ,” ಎಂದ.

“ಕೂಗಿದ್ನಲ್ಲಪ್ಪ.”

“ಕೂಗಿದ್ರಿ. ಯಾರೋ ನಿಮ್ಮ ಗದ್ದೆ ಕಿತ್ಕೊಂಡ ಹಾಗೆ ಕೂಗಿದ್ರಿ.”

ಅವನು ಹೇಳಿದ್ದು ನಿಜ. ಅದು ಗೆದ್ದಾಗಲೆಲ್ಲ ನಾನು ಸೋತ ಲೆಕ್ಕ ನನ್ನೊಳಗೆ ನಡೆಯುತ್ತಿತ್ತು. ಇನ್ನೊಂದು ವಾರ ನೋಡಿ, ಆಗದಿದ್ದರೆ ಹಗ್ಗ ಡ್ರೈವರಿಗೆ ಎಂದು ಮೇಡಂ ತೀರ್ಮಾನ ಮಾಡಿದರು. ನಾನು ಮನೆಯ ಹಿತ್ತಿಲಲ್ಲಿ ನಿಂತು ಖುಷಿಯಿಂದ ಕೂಗುವುದನ್ನು ಅಭ್ಯಾಸ ಮಾಡಿದೆ. ಕೋಳಿಗಳು ಹೆದರಿ ಓಡಿದವು. ಪಕ್ಕದ ಮನೆಯವರು ಏನಾಯಿತೆಂದು ಬಂದು ವಿಚಾರಿಸಿದರು.

ಅಭ್ಯಾಸದಿಂದ ಅದು ಬರಲಿಲ್ಲ. ಬಂದದ್ದು ಬೇರೆ ದಾರಿಯಲ್ಲಿ. ಒಂದು ಬೆಳಗ್ಗೆ ಕ್ಯಾಂಪಿಗೆ ಹೋದಾಗ ಡ್ರೈವರ್ ಹುಣಸೂರಿನಿಂದ ಕುರಿಯ ಮೂಳೆ ಕಟ್ಟಿಸಿಕೊಂಡು ಬಂದು ಮಿನ್ನುವಿಗೆ ಹಾಕುತ್ತಿದ್ದ. ಅದು ಅವನ ಮಂಡಿಯ ಮೇಲೆ ತಲೆಯಿಟ್ಟುಕೊಂಡು ತಿನ್ನುತ್ತಿತ್ತು. ನನ್ನನ್ನು ಕಂಡು ಬಾಲ ಒಂದು ಸಲ ಆಡಿಸಿ ಮತ್ತೆ ಮೂಳೆಗೆ ಬಾಯಿ ಹಾಕಿತು. ನನ್ನ ಹೊಟ್ಟೆಯಲ್ಲಿ ಎದ್ದ ಬೆಂಕಿ ಸೀಟು ಹೋದಾಗ ಎದ್ದಿರಲಿಲ್ಲ, ನಂಬರ್ ಹೊಗಳಿದಾಗ ಎದ್ದಿರಲಿಲ್ಲ. ಕೆಲಸದ ಮುಂಚೆ ಮೂಳೆ ಹಾಕಬಾರದು ಎಂದು ಗೊತ್ತಿಲ್ಲವಾ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ಮೂಳೆಯ ಕಾಗದ ಮಡಚುತ್ತಾ ತಣ್ಣಗೆ ಹೇಳಿದ:

“ನಿನ್ ನಾಯಿ ಏನ್ಲಾ ಇದು?”

ಅಂದು ಹೋದದ್ದು ಕೆ.ಆರ್. ನಗರದ ಅದೇ ಯಜಮಾನರ ಇನ್ನೊಂದು ಕಬ್ಬಿನ ಗದ್ದೆಗೆ. ಅರ್ಧ ಕಡಿದಿದ್ದರು, ಅರ್ಧ ನಿಂತಿತ್ತು. ಜೀಪಿಗೆ ಒರಗಿಕೊಂಡು ಡ್ರೈವರ್ ನೋಡುತ್ತಿದ್ದ. ಮೇಡಂ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. ಮಿನ್ನು ನಿಂತ ಕಬ್ಬಿನ ಅಂಚಿನಲ್ಲಿ ಎರಡು ಸಲ ಹಿಂದೆ ಮುಂದೆ ಹೋಗಿ, ತಲೆ ತಗ್ಗಿಸಿ ಒಳಗೆ ನುಗ್ಗಿ ಕೂತಿತು. ನಾನು ರವದಿ ಸರಿಸಿದೆ. ಇನ್ನೂ ಒಣಗಿರದ ಹಿಕ್ಕೆ, ಒಳಗೆ ಹೆಗ್ಗಣದ ಕೂದಲು. ಅದರ ಪಕ್ಕದಲ್ಲೇ ಸಣ್ಣದು ಇನ್ನೊಂದು. ಮರಿ ಇತ್ತು. ಈ ಗದ್ದೆಯ ಉಳಿದ ಅರ್ಧವನ್ನು ಯಜಮಾನರು ಸ್ವಲ್ಪ ದಿನ ತಡೆದು ಕಡಿದರೆ ತಾಯಿ ಮರಿಗಳನ್ನು ತಾನೇ ಎತ್ತಿಕೊಂಡು ಹೋಗುತ್ತದೆ. ಇಲ್ಲದಿದ್ದರೆ ಕುಡುಗೋಲಿನ ಮುಂದೆ ಮರಿ ಸಿಕ್ಕಿ ಜನ ಸೇರಿ ಗಲಾಟೆಯಾಗುತ್ತದೆ. ಅದೆಲ್ಲ ಆ ಮೂಗಿನಿಂದ ಗೊತ್ತಾಯಿತು.

ಆಗ ನಾನು ಕೂಗಿದೆ. ಕಬ್ಬಿನ ಒಳಗಿನಿಂದ ಕೂಗಿದ್ದು ನಾಲೆಯ ಆಚೆ ಕೇಳಿಸಿತಂತೆ. ಬಂಗಾರ ಅಂದೆ, ರಾಜಕುಮಾರಿ ಅಂದೆ, ನಮ್ಮವ್ವ ಅಂದೆ. ಚೆಂಡನ್ನು ಗದ್ದೆಯ ಆ ಕೊನೆಗೆ ಎಸೆದೆ. ಆ ಖುಷಿಯಲ್ಲಿ ಮುಕ್ಕಾಲು ಪಾಲು ಡ್ರೈವರಿಗೆ ಕೇಳಲಿ ಎಂಬುದೇ ಇತ್ತು. ಮಿನ್ನುವಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾದರೂ ಪರವಾಗಿಲ್ಲ ಅಂದುಕೊಂಡಿತೋ. ಚೆಂಡು ಕಚ್ಚಿಕೊಂಡು ಬಂದು ನನ್ನ ಎದೆಗೆ ಎರಡು ಕಾಲಿಟ್ಟು ನಿಂತಿತು.

ಯಜಮಾನರು ಕಡಿತ ತಡೆದರು. ತಾಯಿ ಮರಿಗಳನ್ನು ಸಾಗಿಸಿದ್ದು ನಾವು ಬದುವಿನಲ್ಲಿ ಕಟ್ಟಿಟ್ಟಿದ್ದ ಕ್ಯಾಮೆರಾದಲ್ಲಿ ಬಿತ್ತು. ಆಮೇಲೆ ಮಿನ್ನು ನನ್ನ ಜೊತೆ ಕೆಲಸ ನಿಲ್ಲಿಸಿದ್ದಿಲ್ಲ. ಟ್ರೈನರ್ ಹೊರಟ ದಿನ ಅದರ ಕಿವಿಯ ಹತ್ತಿರ ಬಗ್ಗಿ ಮಲಯಾಳದಲ್ಲಿ ಏನೋ ಹೇಳಿದ. ಏನೆಂದು ನಾನು ಕೇಳಲಿಲ್ಲ, ಅದು ಅವನ ಹಿಂದೆ ಜೀಪಿನವರೆಗೆ ಓಡಿದ್ದೂ ನನಗೆ ಹಿಡಿಸಲಿಲ್ಲ.

ಮೊನ್ನೆ ಪತ್ರಿಕೆಯಲ್ಲಿ ಮೇಡಂ ಬಗ್ಗೆ ಅರ್ಧ ಪುಟ ಬಂದಿತ್ತು. ಕಾಡಿನ ಹೊರಗಿನ ಚಿರತೆಗಳಿಗಾಗಿ ಜೀವನ ಕೊಟ್ಟ ವಿಜ್ಞಾನಿ ಎಂದು. ಫೋಟೋದಲ್ಲಿ ಮೇಡಂ ಇದ್ದಾರೆ, ಮಿನ್ನು ಇದೆ. ಮಿನ್ನುವಿನ ಕೊರಳಿನಿಂದ ಹಗ್ಗ ಹೊರಟು ಫೋಟೋದ ಅಂಚಿಗೆ ಬಂದು ನಿಂತಿದೆ. ಆ ಅಂಚಿನ ಆಚೆ ಇರುವವನು ನಾನು. ಹೆಂಡತಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಲು ಹೋದಳು, ಬೇಡ ಎಂದೆ. ಅಂಟಿಸಿದಳು.

ಈಗ ನನಗಿರುವುದು ಇಷ್ಟು. ಒಂದೂವರೆ ಎಕರೆ ಹೊಲ, ಬ್ಯಾರನ್ನಿನಲ್ಲಿ ಅರ್ಧ ಪಾಲು, ಒಂದು ಹಸು, ಒಂದು ಬೈಕು, ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎರಡು ಜೊತೆ ಬೂಟು, ಒಂದು ನಾಯಿ. ನಾಯಿ ಕಾಗದದ ಪ್ರಕಾರ ಮೇಡಂ ಹೆಸರಿನಲ್ಲಿದೆ.